ಕುದುರೆ ಮನೆ ಮುಟ್ಟಿದ ಪ್ಯಾದೆ

ಚದುರಂಗದ ಇತಿಹಾಸ ಹೇಳುವ ಪುಸ್ತಕಗಳನ್ನು ಮೂವತ್ತು ವರ್ಷ ಕೂಡಿಹಾಕಿದೆ. ಓದಿದೆ ಎನ್ನುತ್ತಿಲ್ಲ, ಕೂಡಿಹಾಕಿದೆ ಎನ್ನುತ್ತಿದ್ದೇನೆ. ಈ ಎರಡರ ನಡುವಿನ ಅಂತರ ನನ್ನ ತಲೆಗೆ ಹೋಗುವಷ್ಟರಲ್ಲಿ ಕೆರೂರಿನಲ್ಲಿ ಒಬ್ಬ ಹಿರಿಯರನ್ನು ಮಣ್ಣು ಮಾಡಿ ಆಗಿತ್ತು. ಅದೂ ಅವರಿಗೆ ಸಲ್ಲಬೇಕಾಗಿದ್ದ ಒಂದು ಹಿಡಿ ಭಂಡಾರದ ಅರಿಶಿನವಿಲ್ಲದೆ.

ನಾನು ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು. ಚದುರಂಗ ಆಡಲು ಬರುತ್ತದೆಯೇ ಎಂದು ಕೇಳಬೇಡಿ. ಈಗಿನ ಹುಡುಗಿಯರು ಮೊಬೈಲಿನಲ್ಲಿ ಆಡಿಕೊಂಡೇ ನನ್ನನ್ನು ಹತ್ತು ನಡೆಯಲ್ಲಿ ಮುಗಿಸುತ್ತಾರೆ. ನನ್ನ ಹುಚ್ಚು ಆಟದ್ದಲ್ಲ, ಆಟ ಎಲ್ಲಿಂದ ಬಂತು, ಯಾವ ಸೀಮೆಯಲ್ಲಿ ಹೇಗೆ ಆಡುತ್ತಿದ್ದರು ಎನ್ನುವುದರದು. ಅಂಥ ಪುಸ್ತಕ ಎಲ್ಲಿದೆಯೆಂದು ಸುಳಿವು ಸಿಕ್ಕರೂ ಸಾಕು, ರಜೆ ಚೀಟಿ ಬರೆದಿಟ್ಟು ಬಸ್ ಹತ್ತುತ್ತಿದ್ದೆ. ಬಾದಾಮಿಯ ಲಾಡ್ಜೊಂದರ ಮ್ಯಾನೇಜರು ಪರದೇಶದ ಪ್ರವಾಸಿಗರು ಬಿಟ್ಟುಹೋದ ಪುಸ್ತಕಗಳನ್ನು ನನಗಾಗಿ ತೆಗೆದಿಡುತ್ತಿದ್ದ. ಇಳಕಲ್ಲಿನ ರದ್ದಿ ಅಂಗಡಿಯವನು ಫೋನ್ ಮಾಡಿ, "ಸರ, ನಿಮ್ಮ ಕುದರಿ ಚಿತ್ರದ್ದೊಂದು ಬಂದೈತ್ರಿ, ಸೀರಿ ಸುತ್ತಾಕ ಒಯ್ಯೂದರಾಗ ಬರ್ರಿ" ಎನ್ನುತ್ತಿದ್ದ. ನಾನು ಓಡುತ್ತಿದ್ದೆ. ತಂದದ್ದನ್ನೆಲ್ಲ ಉಕ್ಕಿನ ಎರಡು ಕಪಾಟಿನಲ್ಲಿ ಡಾಂಬರು ಗುಳಿಗೆಯ ವಾಸನೆಯಲ್ಲಿ ನಿಲ್ಲಿಸಿ, ಕೀಲಿ ಹಾಕಿ, ಕೀಲಿಕೈಯನ್ನು ಜನಿವಾರಕ್ಕೋ ಶಿವದಾರಕ್ಕೋ ಕಟ್ಟಿಕೊಂಡವರಂತೆ ಮೈಮೇಲೇ ಇಟ್ಟುಕೊಳ್ಳುತ್ತಿದ್ದೆ. ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದಳು, "ಇವು ಪುಸ್ತಕ ಅಲ್ರಿ, ದೇವರು. ಮುಟ್ಟಬೇಕಂದ್ರ ಮಡಿ ಉಡಬೇಕು." ಬಂದವರು ನಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ಅವುಗಳಲ್ಲಿ ಒಂದು ಪುಸ್ತಕದ ಮೇಲೆ ನನಗೆ ವಿಶೇಷ ಮೋಹ. ಹುನಗುಂದದಲ್ಲಿ ಹಳೆಯ ವಕೀಲರೊಬ್ಬರ ವಾಡೆ ಕೆಡವುವಾಗ ಟ್ರಂಕಿನಲ್ಲಿ ಸಿಕ್ಕದ್ದು. ನಮ್ಮ ಈ ಸೀಮೆಯಲ್ಲೇ ನೌಕರಿ ಮಾಡಿದ ಒಬ್ಬ ಇಂಗ್ಲಿಷ್ ಅಧಿಕಾರಿ ಬರೆದದ್ದು. ಹಿಂದಿನ ಕಾಲದಲ್ಲಿ ದೊಡ್ಡ ಹಾಳೆಯನ್ನು ಮಡಚಿ ಮಡಚಿ ಹೊಲಿದು ಹಾಗೆಯೇ ಮಾರುತ್ತಿದ್ದರು. ಕೊಂಡವನು ಚಾಕು ಹಿಡಿದು ಮಡಿಕೆಗಳನ್ನು ಸೀಳುತ್ತ ಸೀಳುತ್ತ ಓದಬೇಕು. ಈ ಪುಸ್ತಕದಲ್ಲಿ ಮೊದಲ ಕೆಲವು ಪುಟ ಬಿಟ್ಟರೆ ಉಳಿದದ್ದೆಲ್ಲ ಕೂಡಿಕೊಂಡೇ ಇತ್ತು. ವಕೀಲರೂ ಓದಿರಲಿಲ್ಲ, ಅವರ ಮಕ್ಕಳೂ ಓದಿರಲಿಲ್ಲ. ಕಂಡಾಗ ನನಗಾದ ಸಂತೋಷ ಏನು ಹೇಳಲಿ! ನೂರು ವರ್ಷ ದಾಟಿದರೂ ಚಾಕು ತಾಗದ ಪ್ರತಿ ಎಂದರೆ ನಮ್ಮಂಥ ಸಂಗ್ರಹದ ಹುಚ್ಚರಲ್ಲಿ ಅದಕ್ಕೊಂದು ಮರ್ಯಾದೆ. ಸೀಳಿದಿರೋ ಹೋಯಿತು, ಅದೂ ಎಲ್ಲ ಪುಸ್ತಕಗಳಂತೆ ಒಂದು ಪುಸ್ತಕ. ಪುಣೆಯಿಂದ ಬಂದ ಒಬ್ಬ ಸಂಗ್ರಾಹಕ ಅದನ್ನು ಎರಡೂ ಕೈಯಲ್ಲಿ ಹಿಡಿದು, ತನ್ನ ಹತ್ತಿರವೂ ಇಂಥದ್ದಿಲ್ಲ ಎಂದು ಹೊಟ್ಟೆಕಿಚ್ಚುಪಟ್ಟ. ಆ ಒಂದು ಮಾತಿಗೆ ನಾನು ವಾರಗಟ್ಟಲೆ ಉಬ್ಬಿ ತಿರುಗಿದೆ. ವಿಷಯಸೂಚಿಯಲ್ಲಿ ಹಳ್ಳಿಗಾಡಿನ ಆಟದ ರೀತಿಗಳ ಬಗ್ಗೆಯೂ ಒಂದು ಅಧ್ಯಾಯ ಇದೆಯೆಂದು ಕಂಡಿತ್ತು. ಅದು ಕೂಡಿಕೊಂಡ ಹಾಳೆಗಳ ಒಳಗಿತ್ತು. ಇರಲಿ ಬಿಡು ಎಂದುಕೊಂಡು ಹನ್ನೊಂದು ವರ್ಷ ಹಾಗೆಯೇ ಇಟ್ಟೆ.

ಕೆರೂರಿಗೆ ನಾನು ಹೋದದ್ದು ಹಳೆಯ ಆಟವನ್ನು ಕಣ್ಣಾರೆ ನೋಡಲು. ಸಂತೆಯ ದಿನ ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಕುರಿ ಸಾಕುವ ಮನೆತನದ ನಾಲ್ಕಾರು ಹಿರಿಯರು ಕೂತು ಆಡುತ್ತಾರೆಂದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೇಳಿದ್ದಳು. ಹೌದು, ಆಡುತ್ತಿದ್ದರು. ಹಾಸುಗಲ್ಲಿನ ಮೇಲೆ ಕೊರೆದ ಮನೆಗಳು ಸವೆದು ಕಾಣದಂತಾಗಿದ್ದವು. ಆದರೂ ಅವರ ಕೈ ತಪ್ಪುತ್ತಿರಲಿಲ್ಲ. ರಾಜ, ವಜೀರ, ಆನೆ, ಒಂಟೆ, ಕುದುರೆ, ಪ್ಯಾದೆ ಎಂಬ ಕಾಲಾಳು. ಪ್ಯಾದೆ ಆಚೆಯ ತುದಿ ಮುಟ್ಟಿದರೆ ಬೇಕಾದ್ದು ಆಗುವಂತಿಲ್ಲ. ಆನೆಯ ಮನೆ ಮುಟ್ಟಿದರೆ ಆನೆ, ಒಂಟೆಯ ಮನೆ ಮುಟ್ಟಿದರೆ ಒಂಟೆ. ನಾನು ನೋಟಬುಕ್ಕಿನಲ್ಲಿ ಗೀಚಿಕೊಳ್ಳುತ್ತಿದ್ದೆ. ಕಟ್ಟೆಯಿಂದ ದೂರದಲ್ಲಿ, ಬೇವಿನ ಗಿಡದ ಕೆಳಗೆ, ಒಬ್ಬ ಮುದುಕರು ನಿಂತೇ ನೋಡುತ್ತಿದ್ದರು. ಕಂಬಳಿ ಹೆಗಲ ಮೇಲಿತ್ತು. ಹಣೆ ಮಾತ್ರ ಬರಿದು. ಅಲ್ಲಿ ಆ ಗುಡಿಗೆ ಬಂದವರಿಗೆಲ್ಲ ಪೂಜಾರಿ ಭಂಡಾರ ಹಚ್ಚುತ್ತಾನೆ, ಬೀರಪ್ಪನ ಅರಿಶಿನ ಅದು. ಯಾವ ಜಾತಿ, ಯಾವ ಊರು ಎಂದು ಕೇಳುವುದಿಲ್ಲ, ಹತ್ತಿರ ನಿಂತವರ ಹಣೆ ಬರಿದು ಬಿಡುವುದಿಲ್ಲ. ನನ್ನ ಹಣೆಗೂ ಹಚ್ಚಿದ್ದ.

"ಅವರ್ಯಾಕ ಅಲ್ಲಿ ನಿಂತಾರ? ಕರೀರಿ" ಎಂದೆ.

ಆಡುತ್ತಿದ್ದವರಲ್ಲಿ ಒಬ್ಬ ತಲೆ ಎತ್ತದೆ ನಕ್ಕ. "ಬ್ಯಾಡ್ರಿ ಸರ. ಅಂವಾ ಎರಡು ನಡಿಯಾಂವ. ನಾವು ಒಂದು ನಡಿ ನಡದ್ರ ಅಂವಾ ಎರಡು ನಡೀತಾನ." ಉಳಿದವರೂ ನಕ್ಕರು. ಕಟ್ಟೆಯ ನಡುವೆ ಕೂತಿದ್ದ ಬಿಳಿ ಮೀಸೆಯ ಹಿರಿಯರೊಬ್ಬರು ಮಾತ್ರ ನಗಲಿಲ್ಲ. ಅವರು ಆ ಮುದುಕರ ಒಡಹುಟ್ಟಿದ ಅಣ್ಣ ಎಂದು ನನಗೆ ಆಮೇಲೆ ಗೊತ್ತಾಯಿತು.

ಆ ಮುದುಕರು ಬಸ್‌ಸ್ಟ್ಯಾಂಡಿನವರೆಗೆ ನನ್ನ ಹಿಂದೆಯೇ ಬಂದರು. ನಾನು ಅವರನ್ನು ಕಾಕಾ ಎಂದೆ. ಅವರು ನನ್ನನ್ನು ಸರ ಎಂದರು. ಚಹಾ ಕುಡಿಯಲಿಲ್ಲ. ಕಲ್ಲಿನ ಬೆಂಚಿನ ತುದಿಯಲ್ಲಿ ಕೂತು, ಕಂಬಳಿಯ ಅಂಚು ಹಿಂಡುತ್ತ ತಮ್ಮ ಕಥೆ ಹೇಳಿದರು.

ನಲವತ್ತು ವರ್ಷದ ಹಿಂದೆ, ಒಂದು ಅಮಾವಾಸ್ಯೆಯ ದಿನ, ಅದೇ ಕಟ್ಟೆಯ ಮೇಲೆ ಅಣ್ಣತಮ್ಮಂದಿರು ಆಡಲು ಕೂತಿದ್ದಾರೆ. ಪಣ ಒಂದು ತೆಂಗಿನಕಾಯಿ. ಅಣ್ಣ ಆ ಊರಿನಲ್ಲಿ ಯಾರಿಗೂ ಸೋಲದವ. ತಮ್ಮನ ಪ್ಯಾದೆ ಮುಂದೆ ಮುಂದೆ ಹೋಗಿ ಕುದುರೆಯ ಮನೆ ಮುಟ್ಟಿತು. ಕುದುರೆಯಾಯಿತು. ಅದರ ಕೂಡಲೇ, ಕಾಯಿ ಮೇಲಿನ ಕೈ ತೆಗೆಯದೆ, ಅದೇ ನಡೆಯಲ್ಲಿ ಕಾಕಾ ಅದನ್ನು ಒಂದು ಸಲ ಜಿಗಿಸಿದರು. ಅಣ್ಣನ ರಾಜ ಸಿಕ್ಕಿಬಿದ್ದ.

"ನಮ್ಮಪ್ಪ ಕಲಿಸಿದ್ದರಿ ಅದು. 'ಪ್ಯಾದಿ ಕುದರಿ ಆದಮ್ಯಾಲ ನಿಲ್ಲಬಾರದು, ಒಮ್ಮೆ ಜಿಗೀಬೇಕು' ಅಂತಿದ್ದ. ಬ್ಯಾರೆ ಕಾಯಿಗೆ ಇಲ್ಲ, ಕುದರಿಗಷ್ಟ. ಅಣ್ಣಾ ಎದ್ದು ಕಪಾಳಕ್ಕ ಹೊಡದ. 'ಮೋಸ ಮಾಡ್ತೀಯೇನಲೇ, ಎರಡು ನಡಿ ನಡೀತೀಯೇನಲೇ' ಅಂದ. ಮಂದಿ ನಗಾಕತ್ರು. ಪೂಜಾರಿ ಭಂಡಾರದ ತಾಟು ತಂದ. ಇಬ್ಬರೂ ಆಣಿ ಮಾಡ್ರಿ ಅಂದ."

ಇಬ್ಬರೂ ಭಂಡಾರದಲ್ಲಿ ಕೈಯಿಟ್ಟು ಆಣೆ ಮಾಡಿದ್ದರು. ಅಪ್ಪ ಕಲಿಸಿದ್ದಾನೆ ಎಂದು ತಮ್ಮ, ಕಲಿಸಿಲ್ಲ ಎಂದು ಅಣ್ಣ. ಸುಳ್ಳಾದರೆ ನನ್ನ ಮನೆಯ ದೀಪ ಆರಲಿ ಎಂದು ಇಬ್ಬರೂ ಹೇಳಿದ್ದರು. ಭಂಡಾರ ಮುಟ್ಟಿ ಹೇಳಿದ ಮೇಲೆ ಅಲ್ಲಿ ಪಂಚರಿಲ್ಲ, ಕೋರ್ಟಿಲ್ಲ. ಯಾರ ಮನೆಗೆ ಕೇಡು ಬರುತ್ತದೆಯೋ ಅವರದು ಸುಳ್ಳು, ಅಷ್ಟೇ.

"ನಾಕ ತಿಂಗಳಿಗೆ ನನ್ನ ಮಗ ಹ್ವಾದರಿ," ಎಂದರು ಕಾಕಾ. "ಒಬ್ಬನ ಮಗ. ಐದು ವರ್ಸದಾಂವ. ವಾಂತಿ ಭೇದಿ ಆತು. ಬಾಗಲಕೋಟಿ ದವಾಖಾನಿ ಮುಟ್ಟೂದರಾಗ ಮುಗೀತು. ಅಣ್ಣನ ಐದೂ ಮಕ್ಕಳು ಅರಾಮ ಅದಾರ, ಮೊಮ್ಮಕ್ಕಳೂ ಅದಾರ. ಮಂದಿ ಏನ ತಿಳೀಬೇಕ್ರಿ? ಮಂದೀದ ಬಿಡ್ರಿ. ನನ್ನ ಹೆಣ್ತಿ ಆವತ್ತ ಒಂದ ಮಾತು ಅಂದ್ಳು, 'ಒಂದ ತೆಂಗಿನಕಾಯಿ ಸಲುವಾಗಿ ನನ್ನ ಮಗನ್ನ ತಾಟಿನ್ಯಾಗ ಇಟ್ಟಿ' ಅಂತ. ಆಮ್ಯಾಲ ಅದರ ಸುದ್ದಿ ತಗೀಲಿಲ್ಲ. ರೊಟ್ಟಿ ಬಡೀತಾಳ, ನೀಡ್ತಾಳ, ಜ್ವರ ಬಂದ್ರ ನೋಡ್ಕೋತಾಳ. ನನ್ನ ಹಣಿಗೆ ಭಂಡಾರ ಹಚ್ಚೂದಿಲ್ಲ. ನಾನೂ ಹಚ್ಗೋಳೂದಿಲ್ಲ."

ಬಸ್ ಬಂತು, ನಾನು ಹತ್ತಲಿಲ್ಲ.

"ನಿಮ್ಮ ಹಂತೇಕ ಈ ಆಟದ ಪುಸ್ತಕ ಭಾಳ ಅದಾವಂತರಿ ಸರ. ಅದರಾಗ ಎಲ್ಲ್ಯರ ಈ ಜಿಗಿಯೂ ಮಾತು ಬರದಾರೇನು, ನೋಡ್ರಿ. ಆಕಿಗೆ ಓದಾಕ ಬರೂದಿಲ್ಲ, ಆದರ ಅಚ್ಚಾದ ಮಾತು ಅಂದ್ರ ನಂಬತಾಳ. ನಾ ಸಾಯೂಮುಂದ ನನ್ನ ಆಣಿ ಖರೆ ಇತ್ತು ಅಂತ ಆಕಿಗೆ ಗೊತ್ತಾದ್ರ ಸಾಕ್ರಿ. ಮಗ ನನ್ನ ನಾಲಗಿಯಿಂದ ಸಾಯಲಿಲ್ಲ ಅಂತ ಗೊತ್ತಾಗಬೇಕು."

ನೋಡುತ್ತೇನೆ ಕಾಕಾ ಎಂದು ಮಾತು ಕೊಟ್ಟೆ. ಮುಂದಿನ ಮೂರು ತಿಂಗಳು ನಿಜಕ್ಕೂ ನೋಡಿದೆ, ಆ ಮಾತು ಸುಳ್ಳಲ್ಲ. ಕನ್ನಡಕ ಬದಲಿಸಿಕೊಂಡು, ಇಂಗ್ಲಿಷಿನವು, ಮರಾಠಿಯವು, ಒಂದೊಂದನ್ನೇ ತೆಗೆದು ಬೆರಳಿಟ್ಟು ಹುಡುಕಿದೆ. ಪ್ಯಾದೆ ತಾನು ಮುಟ್ಟಿದ ಮನೆಯ ಕಾಯಾಗುವ ಮಾತು ಐದಾರು ಕಡೆ ಸಿಕ್ಕಿತು. ರಾಜ ಒಂದೇ ಒಂದು ಸಲ ಕುದುರೆಯಂತೆ ಜಿಗಿಯುವ ಮಾತೂ ಸಿಕ್ಕಿತು. ಪ್ಯಾದೆ ಕುದುರೆಯಾದ ಕೂಡಲೇ ಜಿಗಿಯುತ್ತದೆ ಎಂದು ಎಲ್ಲಿಯೂ ಇರಲಿಲ್ಲ. ಉಳಿದದ್ದು ಹುನಗುಂದದ ಆ ಒಂದೇ ಪುಸ್ತಕ.

ಅದನ್ನು ತೆಗೆದು ಮೇಜಿನ ಮೇಲಿಟ್ಟೆ. ಕೂಡಿಕೊಂಡ ಹಾಳೆಗಳನ್ನು ಬೆರಳಿನಿಂದ ಉಬ್ಬಿಸಿ ಕೊಳವೆಯೊಳಗೆ ನೋಡಿದಂತೆ ಇಣುಕಿದೆ. ಅರ್ಧರ್ಧ ಸಾಲು ಕಂಡವು, ಅರ್ಥವಾಗಲಿಲ್ಲ. ಹೆಂಡತಿ ಕಸ ಹೊಡೆಯುತ್ತ ಬಂದವಳು ನಿಂತು ನೋಡಿದಳು. "ಚಾಕು ಕೊಡ್ಲೇನ್ರಿ?" ಎಂದಳು.

"ಏನ್ ತಿಳೀತೈತಿ ನಿನಗ? ಇದನ್ನ ಸೀಳಿದ್ರ ಏನ್ ಉಳೀತೈತಿ?" ಎಂದು ಹರಿಹಾಯ್ದೆ.

"ಓದಾಕ ಉಳೀತೈತಿ," ಎಂದು ಆಕೆ ಕಸಬರಿಗೆ ಎತ್ತಿಕೊಂಡು ಹೋದಳು.

ನೂರು ಪುಸ್ತಕದಲ್ಲಿ ಇಲ್ಲದ್ದು ಇದೊಂದರಲ್ಲಿ ಇರುತ್ತದೆಯೇ ಎಂದು ನನಗೆ ನಾನೇ ವಾದ ಹೂಡಿಕೊಂಡೆ. ಬಿಳಿ ಸಾಹೇಬನಿಗೆ ನಮ್ಮ ಕುರುಬರ ಕಟ್ಟೆಯ ಆಟ ಏನು ಗೊತ್ತು ಎಂದೂ ಅಂದುಕೊಂಡೆ. ಪುಸ್ತಕವನ್ನು ಮತ್ತೆ ಬಟ್ಟೆ ಸುತ್ತಿ ಒಳಗಿಟ್ಟೆ. ಆ ಕೆಲಸಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ.

ಮೊದಲೇ ಹೇಳಿಕಳಿಸಿ, ಅಮಾವಾಸ್ಯೆಯ ದಿನ ಕೆರೂರಿಗೆ ಹೋದೆ. ಕಾಕಾನ ಕಿವಿಯಲ್ಲಿ ಮೆಲ್ಲಗೆ ಹೇಳಿ ಬರೋಣ ಎಂದುಕೊಂಡಿದ್ದೆ. ಆದರೆ ಅವರು ಊರಿಗೇ ಹೇಳಿಬಿಟ್ಟಿದ್ದರು, ಬಾಗಲಕೋಟೆಯ ಸರ ಪುಸ್ತಕ ನೋಡಿಕೊಂಡು ಬರುತ್ತಾರೆ ಎಂದು. ಅಷ್ಟು ನಂಬಿಕೆ ಅವರಿಗೆ. ಕಟ್ಟೆಯ ತುಂಬ ಜನ. ಅಣ್ಣ ಅದೇ ಜಾಗದಲ್ಲಿ, ಕೈ ಕಟ್ಟಿಕೊಂಡು ನೆಲ ನೋಡುತ್ತ ಕೂತಿದ್ದರು. ಕಾಕಾ ಒಗೆದ ಧೋತರ ಉಟ್ಟು, ಎಂದೂ ಹತ್ತದ ಕಟ್ಟೆಯ ಮೊದಲ ಮೆಟ್ಟಿಲ ಮೇಲೆ ನಿಂತಿದ್ದರು. ಗುಡಿಯ ಕಂಬದ ಹತ್ತಿರ ತಲೆ ತುಂಬ ಸೆರಗು ಹೊದ್ದ ಒಬ್ಬ ಮುದುಕಿ. ಆಕೆಯೇ ಕಾಕಾನ ಹೆಂಡತಿ ಎಂದು ಯಾರೂ ಹೇಳಬೇಕಾಗಲಿಲ್ಲ.

ನನಗೆ ಜನ ಕಂಡರೆ ಪಾಠ ಮಾಡುವ ಚಟ. ಆಟ ಎಲ್ಲಿ ಹುಟ್ಟಿತು, ಹೇಗೆ ಹರಡಿತು ಎಂದು ಕಾಲು ಗಂಟೆ ಕೊರೆದೆ. ಕೊನೆಗೆ ಪೂಜಾರಿಯೇ ಅಡ್ಡ ಬಂದ. "ಅದೆಲ್ಲ ಖರೆ ಸರ. ಕುದರಿ ಜಿಗಿಯೂದು ಐತೋ ಇಲ್ಲೋ, ಅದ ಹೇಳ್ರಿ."

"ನನಗ ಸಿಕ್ಕಿಲ್ಲ" ಎಂದೆ. ಅಲ್ಲಿಗೇ ನಿಲ್ಲಿಸಿದ್ದರೂ ಆಗುತ್ತಿತ್ತು.

"ಎಲ್ಲಾ ಪುಸ್ತಕ ನೋಡೀರೇನ್ರಿ?"

ಅಷ್ಟೂ ಜನ ನನ್ನ ಮುಖವನ್ನೇ ನೋಡುತ್ತಿದ್ದರು. ಒಂದು ಪುಸ್ತಕ ಉಳಿದಿದೆ, ಅದರ ಹಾಳೆ ಸೀಳಲು ನನಗೆ ಮನಸ್ಸು ಬರಲಿಲ್ಲ ಎಂದು ಆ ಜನರ ಮುಂದೆ ಹೇಗೆ ಹೇಳಲಿ? ನಾಚಿಕೆಯಾಯಿತು. ನಾಚಿಕೆ ಮುಚ್ಚಿಕೊಳ್ಳಲು ದನಿ ಎತ್ತರಿಸಿದೆ.

"ಎಲ್ಲಾ ನೋಡೇನಿ. ಅಂಥಾದ್ದೊಂದು ನಡಿ ಯಾವ ಪುಸ್ತಕದಾಗೂ ಇಲ್ಲ."

ಯಾರೋ ಹಿಂದಿನಿಂದ "ಎರಡು ನಡಿ" ಎಂದು ಕಿಸಕ್ಕನೆ ನಕ್ಕರು. ಅಣ್ಣ ದೊಡ್ಡದಾಗಿ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಕಂಬದ ಹತ್ತಿರ ನಿಂತ ತಾಯಿ ಸೆರಗು ಸರಿಮಾಡಿಕೊಂಡು, ಗಂಡನ ಪಕ್ಕದಿಂದಲೇ, ಅವರನ್ನು ನೋಡದೆ ಮನೆಯ ಕಡೆ ಹೋದಳು. ಕಾಕಾ ಮೆಟ್ಟಿಲಿಂದ ಕೆಳಗಿಳಿದರು. ನನ್ನ ಹತ್ತಿರ ಬಂದು, ಕೈ ಮುಗಿದು, "ನಿಮಗ ಭಾಳ ತ್ರಾಸ ಕೊಟ್ನಿ ಸರ. ಉಂಡು ಹೋಗ್ರಿ" ಎಂದರು. ಆ ಮಾತಿಗಿಂತ ಅವರು ನನ್ನ ಕಪಾಳಕ್ಕೆ ಹೊಡೆದಿದ್ದರೆ ಒಳ್ಳೆಯದಿತ್ತು.

ಅದಾದ ಎರಡನೆಯ ತಿಂಗಳು ಪೂಜಾರಿಯ ಫೋನ್ ಬಂತು. ಕಾಕಾ ತೀರಿಕೊಂಡಿದ್ದರು. ಆವತ್ತಿನಿಂದ ಊಟ ಕಡಿಮೆ ಮಾಡಿದ್ದರಂತೆ, ಗುಡಿಯ ಕಡೆ ಸುಳಿದಿರಲಿಲ್ಲವಂತೆ, ಜ್ವರ ಬಂದರೂ ದವಾಖಾನೆ ಬೇಡ ಅಂದಿದ್ದರಂತೆ. ನಾನು ಹೋಗುವಷ್ಟರಲ್ಲಿ ಅವರದೇ ಹೊಲದ ಬದುವಿನಲ್ಲಿ ಕುಣಿ ತೋಡಿದ್ದರು. ಪಕ್ಕದಲ್ಲಿ ಒಂದು ಸಣ್ಣ ಮಣ್ಣಿನ ಗುಂಪಿ, ನಾಲ್ಕು ಕಲ್ಲು ಇಟ್ಟದ್ದು. ಅದು ಮಗನದು.

ಆ ಮನೆತನದವರಲ್ಲಿ ಯಾರು ಸತ್ತರೂ ಮಣ್ಣು ಹಾಕುವ ಮೊದಲು ಮನೆಯವರು ಭಂಡಾರ ಹಾಕುತ್ತಾರೆ. ಹೆಣ ಹಳದಿಯಾಗಿ ಹೋಗಬೇಕು. ಪೂಜಾರಿ ಭಂಡಾರದ ಚೀಲ ಬಿಚ್ಚಿ ಆ ತಾಯಿಯ ಮುಂದೆ ಹಿಡಿದ. ಆಕೆ ಕೈ ಚಾಚಲಿಲ್ಲ.

"ಹಾಕವಾ" ಎಂದ ಪೂಜಾರಿ.

"ಸುಳ್ಳ ಆಣಿ ಮಾಡಿದಾಂವಗ ಹ್ಯಾಂಗ ಹಾಕ್ಲಿ? ಪುಸ್ತಕದಾಗ ಇಲ್ಲಂತಲ್ಲ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಕಣ್ಣಿಂದ ನೀರು ಸುರಿಯುತ್ತಿತ್ತು, ಕೈಗಳನ್ನು ಮಾತ್ರ ಕಂಕುಳಲ್ಲಿ ಬಿಗಿಯಾಗಿ ಅವುಚಿಕೊಂಡಿದ್ದಳು. ಹೆಂಡತಿ ಹಾಕದ ಮೇಲೆ ಬೇರೆಯವರೂ ಹಾಕಲಿಲ್ಲ. ಕಾಕಾನನ್ನು ಬರಿ ಬಿಳಿ ಬಟ್ಟೆಯಲ್ಲಿ ಕುಣಿಗೆ ಇಳಿಸಿದರು. ನಾನೂ ಒಂದು ಹಿಡಿ ಮಣ್ಣು ಹಾಕಿದೆ.

ಮನೆಗೆ ಬಂದು ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ಕಪಾಟು ತೆಗೆದೆ. ಅಡುಗೆಮನೆಯಿಂದ ಚಾಕು ತಂದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಮೊದಲ ಮಡಿಕೆ ಸೀಳಿದೆ. ಹಾಳೆ ಒಣಗಿ ಹಪ್ಪಳದಂತಾಗಿತ್ತು, ಅಂಚು ಪುಡಿಪುಡಿಯಾಗಿ ಧೋತರದ ಮೇಲೆ ಬಿತ್ತು. ನಿಜ ಹೇಳುತ್ತೇನೆ, ಸೀಳುವಾಗ ನಾನು ದೇವರಲ್ಲಿ ಬೇಡಿಕೊಂಡದ್ದು ಒಂದೇ, ಅದು ಇದರಲ್ಲಿಯೂ ಇರದಿರಲಿ. ಕಾಕಾನದು ಸುಳ್ಳೇ ಆಗಿರಲಿ. ಅಂಥ ನೀಚ ನಾನು. ಒಂದು ಮಡಿಕೆ, ಎರಡು ಮಡಿಕೆ, ಹತ್ತು ಮಡಿಕೆ. ಇರಲಿಲ್ಲ. ಎದೆ ಹಗುರಾಗುತ್ತ ಬಂತು. ಹಳ್ಳಿಗಾಡಿನ ಆಟದ ಅಧ್ಯಾಯದ ಕೊನೆಯ ಮಡಿಕೆ ಸೀಳಿದೆ.

ಪುಟದ ಕೆಳಗೆ, ಸಣ್ಣ ಅಕ್ಷರದ ಟಿಪ್ಪಣಿಯಲ್ಲಿ ಇತ್ತು. ಮಲಪ್ರಭೆಯ ಉತ್ತರಕ್ಕೆ ಕುರಿಗಾರರ ಗುಡಿಯೊಂದರ ಕಟ್ಟೆಯ ಮೇಲೆ ತಾನು ಕಂಡ ಆಟವೆಂದು ಆ ಅಧಿಕಾರಿ ಬರೆದಿದ್ದ. ಪ್ಯಾದೆ ಕುದುರೆಯ ಮನೆ ಮುಟ್ಟಿದರೆ ಕುದುರೆಯಾಗುವುದಷ್ಟೇ ಅಲ್ಲ, ಅದೇ ನಡೆಯಲ್ಲಿ ಒಂದು ಸಲ ಜಿಗಿಯುವ ಹಕ್ಕು ಅದಕ್ಕುಂಟು, ಬೇರೆ ಯಾವ ಕಾಯಿಗೂ ಇದಿಲ್ಲ ಎಂದು. ಕಾಕಾ ಬಸ್‌ಸ್ಟ್ಯಾಂಡಿನಲ್ಲಿ ಹೇಳಿದ್ದನ್ನೇ ಯಾರೋ ಇಂಗ್ಲಿಷಿನಲ್ಲಿ ಬರೆದುಕೊಂಡಂತಿತ್ತು. ನಾನು ಪುಸ್ತಕದ ಮೇಲೆ ತಲೆಯಿಟ್ಟು ಅತ್ತೆ. ನನ್ನ ಹೆಂಡತಿ ಚಾಕುವನ್ನು ಮಾತ್ರ ಎತ್ತಿಕೊಂಡು ಒಳಗೆ ಹೋದಳು.

ಎಂಟು ದಿನ ಮನೆ ಬಿಟ್ಟು ಹೊರಬೀಳಲಿಲ್ಲ. ಒಂಬತ್ತನೆಯ ದಿನ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಕೆರೂರಿಗೆ ಹೋದೆ. ಆ ತಾಯಿಯ ಮುಖ ನೋಡುವ ಧೈರ್ಯವಿರಲಿಲ್ಲ. ಮೊದಲು ಅಣ್ಣನ ಮನೆಗೇ ಹೋದೆ. ಸುಳ್ಳು ಆಣೆ ಮಾಡಿದವನು ಈ ಮನುಷ್ಯ, ಇವನನ್ನು ಉಗಿದು ಬಂದರೆ ನನ್ನ ಪಾಪದ ಭಾರ ಅರ್ಧ ಇಳಿಯುತ್ತದೆ ಎಂಬ ಲೆಕ್ಕಾಚಾರ ನನ್ನದು. ಅಣ್ಣ ಪಡಸಾಲೆಯಲ್ಲಿ ಹಗ್ಗ ಹೊಸೆಯುತ್ತಿದ್ದರು. ನಾನು ಪುಸ್ತಕ ಬಿಚ್ಚಿದೆ.

"ಓದಬ್ಯಾಡ್ರಿ," ಎಂದರು. "ನನಗ ಗೊತ್ತೈತಿ. ಅಪ್ಪ ಇಬ್ಬರಿಗೂ ಕಲಿಸಿದ್ದ. ಒಂದ ಕಲ್ಲಿನ ಮ್ಯಾಲ ಕುಂದ್ರಿಸಿ ಕಲಿಸಿದ್ದ."

"ಮತ್ತ ಭಂಡಾರ ಮುಟ್ಟಿ ಇಲ್ಲ ಅಂತ ಹೆಂಗ ಅಂದ್ರಿ?"

"ಸಣ್ಣಾಂವನ ಕಡೆ ಸೋತ್ನಿ ಅಂತ ಸಿಟ್ಟು. ಹೊಡದಬಿಟ್ಟಿದ್ನಿ, ಮಂದಿ ನೋಡಾಕತ್ತಿದ್ರು, ತಾಟು ಮುಂದ ಬಂತು. ನಾಳೆ ಹೋಗಿ ತಮ್ಮಗ ಹೇಳೂಣಂದ್ನಿ. ನಾಳೆ ನಾಳೆ ಅಂತ ನಾಕ ತಿಂಗಳಾತು. ಅಷ್ಟರಾಗ ಕೂಸು ಹ್ವಾತು. ಆಮ್ಯಾಲ ಬಾಯಿ ತಗಿಯೂದು ಹೆಂಗರಿ?" ಹಗ್ಗದ ಎಳೆ ಕೈಯಲ್ಲೇ ಬಿಚ್ಚಿಕೊಂಡಿತು. "ನನ್ನ ಮನ್ಯಾಗ ಯಾರೂ ಸಾಯಲಿಲ್ಲ ಸರ. ಸುಳ್ಳ ಹೇಳಿದಾಂವ ನಾನು, ಸತ್ತದ್ದು ಅಂವನ ಮನ್ಯಾಗ. ನಲವತ್ತು ವರ್ಸ ಆಗೂದರಾಗ, ಅಪ್ಪ ಕಲಿಸೇ ಇರಲಿಲ್ಲೇನೋ, ನಂದ ಖರೇ ಏನೋ ಅಂತ ಒಮ್ಮೊಮ್ಮೆ ನನಗೂ ಅನ್ನಸ್ತಿತ್ತು."

"ಆ ಅಮಾಸಿ ದಿನಾನರ ಹೇಳಬಾರದಿತ್ತೇನ್ರಿ?"

ಅವರು ಆಗ ನನ್ನನ್ನು ನೇರ ನೋಡಿದರು. "ಅವತ್ತ ಹೇಳಬೇಕಂತನ ಬಂದಿದ್ನಿ. ಪುಸ್ತಕದಾಗ ಐತಿ ಅಂತ ನೀವು ಅಂದ ಕೂಡ್ಲೆ ಎದ್ದು ತಮ್ಮನ ಕಾಲು ಹಿಡ್ಯೂದು ಅಂತ ಗಟ್ಟಿ ಮಾಡ್ಕೊಂಡಿದ್ನಿ. ಎಲ್ಲಾ ನೋಡೇನಿ, ಇಲ್ಲ ಅಂದ್ರಿ ನೀವು. ನಾ ಉಳಕೊಂಡ್ನಿ."

ಅರ್ಧ ಭಾರ ಇಳಿಸಿಕೊಳ್ಳಲು ಹೋದವನು ಅವರದನ್ನೂ ಹೊತ್ತುಕೊಂಡು ಎದ್ದೆ. ಅಣ್ಣ ತಾವಾಗಿಯೇ ರುಮಾಲು ಸುತ್ತಿಕೊಂಡರು. ಇಬ್ಬರೂ ಮೂರು ಓಣಿ ದಾಟಿ ಕಾಕಾನ ಮನೆಗೆ ಹೋದೆವು. ನಲವತ್ತು ವರ್ಷದಲ್ಲಿ ಆ ಹೊಸ್ತಿಲ ಹತ್ತಿರ ಬಂದಿರದ ಅಣ್ಣ ಅದರ ಹೊರಗೇ ಕುಕ್ಕರಗಾಲಲ್ಲಿ ಕೂತರು. ಆ ತಾಯಿ ಜೋಳ ಹಸನು ಮಾಡುತ್ತಿದ್ದಳು. ಅಣ್ಣ ಎಲ್ಲವನ್ನೂ ಹೇಳಿದರು, ಒಂದೂ ಬಿಡದೆ. ಹೇಳುವಾಗ ಒಮ್ಮೆಯೂ ತಲೆ ಎತ್ತಲಿಲ್ಲ. ನಾನು ಪುಸ್ತಕ ಬಿಚ್ಚಿ ಆ ಟಿಪ್ಪಣಿಯನ್ನು ಕನ್ನಡದಲ್ಲಿ ಓದಿ ಹೇಳಿದೆ.

ಆಕೆ ಮೊರದಲ್ಲಿನ ಜೋಳದಿಂದ ಕೈ ತೆಗೆದಳು. ಗಂಡನನ್ನೂ ಮಗನನ್ನೂ ಕುರಿತು ಅಳಲಿಲ್ಲ, ಅಣ್ಣನನ್ನು ಬೈಯಲಿಲ್ಲ. ನನ್ನ ಕಡೆ ತಿರುಗಿದಳು.

"ಇದು ನಿಮ್ಮ ಮನ್ಯಾಗ ಯಾವಾಗಿಂದ ಐತ್ರಿ?"

"ಹನ್ನೊಂದು ವರ್ಸ ಆತವಾ."

"ಎಲ್ಲಾ ನೋಡೇನಿ ಅಂದಿದ್ರೆಲ್ಲ?"

"ಇದರ ಹಾಳಿ ಕೂಡಿದ್ದುವು. ಸೀಳಿರಲಿಲ್ಲ."

"ಯಾಕ?"

ಸುಳ್ಳು ಹೇಳುವ ದಾರಿ ಇರಲಿಲ್ಲ. "ಸೀಳದಿದ್ರ ಅದಕ್ಕ ಕಿಮ್ಮತ್ತು ಜಾಸ್ತಿ."

ಆಕೆ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು, ಹರಿದ ಅಂಚಿನ ಮೇಲೆ ಬೆರಳಾಡಿಸಿದಳು. "ಒಂದ ಚಾಕೂನ ಕೆಲಸ ಇತ್ತು," ಎಂದಳು. "ಅಂವಾ ಇದ್ದಾಗ." ಪುಸ್ತಕ ವಾಪಸ್ಸು ಕೊಟ್ಟು, ಜಗಲಿಯ ಗೂಟದಲ್ಲಿದ್ದ ಭಂಡಾರದ ಚೀಲ ತೆಗೆದುಕೊಂಡು ಹೊಲದ ದಾರಿ ಹಿಡಿದಳು. ನಾವಿಬ್ಬರೂ ಹಿಂದೆ ಹೋದೆವು. ಬರ್ರಿ ಎಂದಿರಲಿಲ್ಲ, ಬ್ಯಾಡ ಎಂದೂ ಅಂದಿರಲಿಲ್ಲ.

ಬದುವಿನ ಹೊಸ ಮಣ್ಣು ಇನ್ನೂ ಕುಸಿದಿರಲಿಲ್ಲ. ಆಕೆ ಅದರ ಮೇಲೆ ಒಂದು ಹಿಡಿ ಹಾಕಿದಳು, ಇನ್ನೊಂದು ಹಿಡಿ ಹಾಕಿದಳು, ಆಮೇಲೆ ಎರಡೂ ಕೈಯಲ್ಲಿ ತುಂಬಿ ತುಂಬಿ ಹಾಕಿದಳು. ಮಣ್ಣಿನ ಮೇಲೆ ಅಂಗೈಯಿಟ್ಟು ಒರೆಸಿದಳು, ಹಣೆ ಸಿಗುತ್ತದೆಯೇನೋ ಎಂದು ಹುಡುಕುವಂತೆ. "ನಾ ನಂಬಲಿಲ್ಲಲ್ಲೋ ನಿನ್ನ," ಎಂದಳು. "ಒಂದ ದಿನಾ ನಂಬಲಿಲ್ಲಲ್ಲೋ." ಆಮೇಲೆ ಸಣ್ಣ ಗುಂಪಿಯ ಕಡೆ ಮೊಣಕಾಲಲ್ಲೇ ಸರಿದು, ಚೀಲದಲ್ಲಿ ಉಳಿದ ಭಂಡಾರದಲ್ಲಿ ಒಂದು ಚಿಟಿಕೆ ತೆಗೆದು ನಾಲ್ಕು ಕಲ್ಲಿನ ಮೇಲೂ ಹಚ್ಚಿದಳು. "ನಿಮ್ಮಪ್ಪ ಸುಳ್ಳ ಹೇಳಿರಲಿಲ್ಲಪ್ಪಾ" ಎಂದಳು, ಐದು ವರ್ಷದ ಮಗುವಿಗೆ ಹೇಳುವಷ್ಟು ಮೆಲ್ಲಗೆ.

ಅಣ್ಣ ರುಮಾಲು ತೆಗೆದು ತಲೆ ಬಗ್ಗಿಸಿ ನಿಂತಿದ್ದರು. ಅವರನ್ನು ನೋಡಿ ನಾನೂ ಬಗ್ಗಿಸಿದೆ. ಹತ್ತಿರ ನಿಂತವರ ಹಣೆ ಬರಿದು ಬಿಡುವ ಪದ್ಧತಿ ಆ ಮನೆತನದಲ್ಲಿಲ್ಲ. ಆಕೆ ಎದ್ದು ನಮ್ಮ ಮುಂದೆ ಬಂದು ನಿಂತಳು. ಬೆರಳುಗಳು ಹಳದಿಯಾಗಿದ್ದವು, ಚೀಲದಲ್ಲಿ ಇನ್ನೂ ಭಂಡಾರವಿತ್ತು. ಒಮ್ಮೆ ಅವರ ಹಣೆ ನೋಡಿದಳು, ಒಮ್ಮೆ ನನ್ನ ಹಣೆ ನೋಡಿದಳು. ಆಮೇಲೆ ಚೀಲದ ಬಾಯಿ ಕಟ್ಟಿಕೊಂಡು ಮನೆಗೆ ಹೋದಳು.